ಕಿ ಎಂಬ ಕೊಕ್ಕೆ

ಸಿರಾದ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ಹೊಂಗೆ ಮರದಡಿ ಇಪ್ಪತ್ತಾರು ವರ್ಷ
ನಾನು ಬರೆದದ್ದು ಒಂದೇ ವಾಕ್ಯ:
ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಈರಬಡ್ಡಪ್ಪನ ಬದು,
ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇದೇ ನಂಬರಿನಲ್ಲಿ ಉಳಿದ ಜಮೀನು,
ಈ ಮಧ್ಯೆ ಇರುವ, ನನಗೆ ಪಿತ್ರಾರ್ಜಿತವಾಗಿ ಬಂದಿರುವ,
ಯಾರಿಗೂ ಪರಭಾರೆ ಮಾಡಿರದ ಸದರಿ ಸ್ವತ್ತನ್ನು...
ಕ್ರಿಯಾಪದ ಬರುವಷ್ಟರಲ್ಲಿ
ಮಾರುವವನು ಎರಡು ಬೀಡಿ ಸೇದಿ ಮುಗಿಸಿರುತ್ತಾನೆ.

ಫಾರಸಿ ಮೇಷ್ಟ್ರು ಸುಭಾನ್ ಸಾಹೇಬರು ಕೇಳಿ ನಕ್ಕರು.
"ಪತ್ರದಮ್ಮಾ, ಇಷ್ಟುದ್ದ ಉಸಿರು ಹಿಡಿಯೋ ನಿಮಗೆ
ಫಾರಸಿ ಬಂದೇ ಬರುತ್ತೆ.
ನಿಮ್ಮ ಸದರಿ, ಜಮೀನು, ವಾರಸು, ರುಜು
ಎಲ್ಲಾ ಆ ದಾರೀಲಿ ಬಂದು ಇಲ್ಲೇ ಬಿಡಾರ ಹೂಡಿದ ನೆಂಟರು.
ಪದಗಳು ಬಂದವು.
ಅವನ್ನು ಹೆಣೆಯೋ ಕೈ ಮಾತ್ರ ಅಲ್ಲೇ ಉಳೀತು."

ಮೊದಲ ತಿಂಗಳು ಸಣ್ಣ ವಾಕ್ಯಗಳು.
ನೀರು ಇದೆ. ಬಾವಿ ಆಳ. ಹುಡುಗ ಬಂದ.
ಸುಲಿದಿಟ್ಟ ಕಡಲೆಬೀಜ, ಒಂದಕ್ಕೊಂದು ಅಂಟದು.
ಆಮೇಲೆ ಕಿ.

ಮೀದಾನಮ್ ಕಿ: ಬಲ್ಲೆನು, ಏನೆಂದರೆ.
ಬಲ್ಲೆ ಎಂದು ಮೊದಲೇ ಒಪ್ಪಿಕೊಂಡುಬಿಡಬೇಕು,
ಏನನ್ನು ಎಂಬುದು ಆಮೇಲಿನ ಮಾತು.
ನಾವಾದರೆ ಅಂಗಳವೆಲ್ಲ ದಾಟಿ
'ಎಂದು' ಎಂಬ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು
ಕಡೆಗೆ, ಬಲ್ಲೆ.

ಮೀಖ್ವಾಹಮ್ ಕಿ ಬಿರವಮ್.
ಬಯಸುವ ನಾನು, ಹೋಗುವ ನಾನು,
ಒಂದು ಆಸೆಗೆ ಎರಡು ಸಲ ನಾನು.
ನಮ್ಮ 'ಹೋಗಬೇಕು' ಎಂಬುದನ್ನು ಎಷ್ಟು ಕೊಡವಿದರೂ
ಅದರೊಳಗಿಂದ ಒಬ್ಬಳೂ ಉದುರುವುದಿಲ್ಲ.

ಒಳಗಿಂದ ಮೇಷ್ಟ್ರ ಹೆಂಡತಿಯ ಕೂಗು:
"ಕರಂಟ್ ಜಾತಾ ಕತೆ!"
ಕರೆಂಟ್ ಹೋಗುತ್ತಂತೆ.
ಮೇಷ್ಟ್ರು ಹಣೆ ಒತ್ತಿಕೊಂಡರು:
"ನೋಡಿ, ಫಾರಸಿ ಪಂಡಿತನ ಮನೇಲೇ
ಕಿ ಅಡುಗೆಮನೆ ದಾಟಲ್ಲ.
ಸಿರಾ ಕೆರೆಯ ನೀರು ಕುಡಿದ ನಾಲಗೆ,
ನಿಮ್ಮ 'ಅಂತೆ'ಯನ್ನೇ ಬಾಲ ಮಾಡಿಕೊಂಡಿದೆ."
ಕರೆಂಟ್ ಹೋಯಿತು.

ಒಂದು ಮಂಗಳವಾರ ಓಬಳಮ್ಮ ಬಂದಳು,
ಬಿದಿರ ಕೊಳವೆಯಲ್ಲಿ ಸುರುಳಿ ಕಾಗದ.
ಊರ ಹೊರಗಿನ ಮೆಟ್ಟಿಲುಬಾವಿ ಯಾರದೆಂದು ತಕರಾರು;
ತಮ್ಮ ತಾತನ ತಾತ ತೋಡಿಸಿದ್ದೆಂದು
ಪಟೇಲರ ಮನೆಯವರು ಬೋರ್ಡು ನೆಟ್ಟಿದ್ದಾರಂತೆ.
ಮೇಷ್ಟ್ರು ಭೂತಗನ್ನಡಿ ಹಿಡಿದರು, ನಾನು ಬೆರಳಿಟ್ಟು ಓದಿದೆ.
ಈನ್ ಚಾಹ್ ರಾ ಜನೇ ಕಿ
ಈ ಬಾವಿಯನ್ನು, ಹೆಂಗಸೊಬ್ಬಳು, ಯಾವಳೆಂದರೆ
ಅಲ್ಲಿಂದಾಚೆ ಗೆದ್ದಲು.

ನಾನು ಹಾಗೇ ಕೂತೆ.
ಕನ್ನಡದಲ್ಲಿ ಬರೆದಿದ್ದರೆ ಹೇಗಿರುತ್ತಿತ್ತು?
ಗಂಡ ಸತ್ತ ವರ್ಷ ಬಳೆ ಮಾರಿ,
ಮೂವತ್ತು ಆಳಿಗೆ ಅಂಬಲಿ ಕಾಸಿ,
ದಾರಿಹೋಕರು ಬಾಯಾರಬಾರದೆಂದು ತೋಡಿಸಿದ
(ಇದೆಲ್ಲ ನಾನೇ ಕಟ್ಟಿದ್ದು, ಕಾಗದದಲ್ಲಿಲ್ಲ)
ಇಲ್ಲಿಗೆ ಗೆದ್ದಲು ಹತ್ತಿದ್ದರೆ
ಕೆಲಸವೆಲ್ಲ ಉಳಿದು, ಮಾಡಿದವಳು ಹುಳದ ಹೊಟ್ಟೆಗೆ.
ಇಲ್ಲಿ ಅವಳು ಮೊದಲೇ ಬಂದು ಕೂತಿದ್ದಾಳೆ,
ಮುಂದೆ ಏನೂ ಇಲ್ಲದೆ.

"ಕಿ ಅಂದರೆ ಪಾತಾಳಗರಡಿ," ಅಂದರು ಮೇಷ್ಟ್ರು ಮೆಲ್ಲಗೆ.
"ಹಗ್ಗ ಕೈಲಿರುತ್ತೆ.
ಕೊಡ ಸಿಗೋದು ಬಿಡೋದು ಬಾವಿಗೆ ಬಿಟ್ಟದ್ದು."

ಓಬಳಮ್ಮ ಕೇಳಿದಳು:
"ಹೆಂಗ್ಸು ಅಂತ ಬರ್ದೈತಾ?"
ಬರೆದಿದೆ.
"ಗಂಡುಸ್ರು ಹೆಸ್ರು?"
ಉಳಿದಷ್ಟರಲ್ಲಿ ಇಲ್ಲ.
"ಅಷ್ಟ್ ಸಾಕು ಬಿಡಕ್ಕ."
ಕೊಳವೆಗೆ ತುರುಕಿ, ಸೆರಗು ಬಿಗಿದು, ಬಸ್ಸಿಗೆ ಓಡಿದಳು.

ಮಾರನೆಯ ದಿನ ಹೊಂಗೆಯಡಿ
ಹೊಸ ಕ್ರಯಪತ್ರ ತೆಗೆದೆ:
ಮಾರುತ್ತಿದ್ದಾಳೆ ಒಬ್ಬ ಹೆಂಗಸು, ಯಾರೆಂದರೆ
ಸಾಹೇಬರು ಕೆಂಪು ಗೀಟೆಳೆದು ಹಿಂದಕ್ಕೆ ಕೊಟ್ಟರು:
"ನಮೂನೆಯಲ್ಲಿ ಹೀಗಿಲ್ಲವಲ್ಲಮ್ಮ."

ಪೂರ್ವಕ್ಕೆ ಓಣಿ, ಎಂದು ಬರೆದೆ.